ಕನ್ನಡವನ್ನು ಮೊದಲ ದಿನದಿಂದಲೇ ಇಟ್ಟುಕೊಂಡು ಜಾಲತಾಣ ಕಟ್ಟುವ ಬಗೆ

ವೆಬ್ ವಿನ್ಯಾಸಕಾರರಿಗೂ ತಂತ್ರಾಂಶ ಬರೆಯುವವರಿಗೂ ನೆರವಾಗುವ ಸಲಕರಣೆಗಳ ಕುರಿತ ಬರಹಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಪರದೆಯ ಮೇಲೆ ಬರುವ ಪಠ್ಯ ಇಂಗ್ಲಿಷೇ ಎಂದು ಭಾವಿಸಿಕೊಂಡು ಬರೆದಂಥವು. ಕನ್ನಡ ಜಾಲತಾಣಗಳ ಕೆಲಸದಲ್ಲಿ ತೊಡಗಿರುವ ನನಗೆ ಆ ಸಲಹೆಗಳಲ್ಲಿ ಅರ್ಧದಷ್ಟು ಮಾತ್ರ ಉಪಯೋಗಕ್ಕೆ ಬಂದಿವೆ. ಉಳಿದರ್ಧವನ್ನು ಕೆಲಸ ಮಾಡುತ್ತಲೇ ಕಲಿಯಬೇಕಾಯಿತು. ಕಲಿತದ್ದರ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ: ಜಾಲತಾಣವನ್ನು ಇಂಗ್ಲಿಷಿನಲ್ಲಿ ಪೂರ್ತಿ ಮುಗಿಸಿ, ಕೊನೆಯ ವಾರದಲ್ಲಿ ಅನುವಾದವನ್ನು ತಂದು ಸುರಿಯುವ ಪದ್ಧತಿಯನ್ನು ನಾವು ಕೈಬಿಡಬೇಕು. ವಿನ್ಯಾಸದ ಮೊದಲ ಚಿತ್ರದಲ್ಲಿ, ಡೇಟಾಬೇಸಿನ ಮೊದಲ ಕೋಷ್ಟಕದಲ್ಲಿ, ಮೊದಲ ಪರೀಕ್ಷೆಯಲ್ಲಿ ನಿಜವಾದ ಕನ್ನಡ ಪಠ್ಯ ಇದ್ದರೆ, ಆಮೇಲೆ ತಲೆನೋವಾಗುವ ಬಹುಪಾಲು ಸಮಸ್ಯೆಗಳು ಹುಟ್ಟುವುದೇ ಇಲ್ಲ. ಅದಕ್ಕೆ ಬೇಕಾದ ಸಲಕರಣೆಗಳೂ ಹೆಚ್ಚುಕಡಿಮೆ ಎಲ್ಲವೂ ಉಚಿತವಾಗಿಯೇ ಸಿಗುತ್ತವೆ.

ವಿನ್ಯಾಸದಿಂದ ಆರಂಭಿಸೋಣ. ಚಿತ್ರ ರಚಿಸುವಾಗ ಜಾಗ ತುಂಬಲು ಲ್ಯಾಟಿನ್ನಿನ ಅರ್ಥವಿಲ್ಲದ ಸಾಲುಗಳನ್ನು ಹಾಕುವುದು ರೂಢಿ. ಆ ಸಾಲುಗಳಲ್ಲಿ ಒತ್ತಕ್ಷರವಿಲ್ಲ, ದೀರ್ಘವಿಲ್ಲ, ಗೆರೆಯ ಕೆಳಗೆ ಎರಡು ಅಂತಸ್ತು ಇಳಿಯುವ ಅಕ್ಷರವೂ ಇಲ್ಲ. ಅದರ ಬದಲು ನಾನೊಂದು ಚಿಕ್ಕ ಪರೀಕ್ಷಾ ಪಠ್ಯವನ್ನು ಇಟ್ಟುಕೊಂಡಿದ್ದೇನೆ. ಅದರಲ್ಲಿ ‘ರಾಷ್ಟ್ರೀಯ’, ‘ಸ್ತ್ರೀ’, ‘ಕೃಷ್ಣ’, ‘ಎಲ್ಲೆಲ್ಲೂ’, ‘ಅರ್ಕಾವತ್ತು’, ‘ರ‍್ಯಾಂಕ್’, ‘ರಾಜ್‌ಕುಮಾರ್’ ಮುಂತಾದ ಪದಗಳೂ, ‘ವಿಶ್ವವಿದ್ಯಾಲಯಗಳಲ್ಲೊಂದಾದ’ ಎಂಬಂತಹ ಉದ್ದನೆಯ ಪದಗಳೂ ಇವೆ. ಮೊಬೈಲ್ ಪರದೆಯ ಅಗಲದಲ್ಲಿ ಕೊನೆಯ ಪದವೊಂದೇ ಒಂದು ಸಾಲನ್ನು ನುಂಗಿಹಾಕುತ್ತದೆ. ಶೀರ್ಷಿಕೆಗೆ ಎಷ್ಟು ದೊಡ್ಡ ಅಕ್ಷರ ಇಡಬಹುದು ಎಂಬುದನ್ನು ಆ ಪದವೇ ತೀರ್ಮಾನಿಸಿಕೊಡುತ್ತದೆ.

ಫೋಟೋಶಾಪಿನ ಹಳೆಯ ಆವೃತ್ತಿಗಳನ್ನು ಬಳಸುವವರು ಒಂದು ಹೊಂದಿಕೆಯನ್ನು ಅಗತ್ಯವಾಗಿ ಗಮನಿಸಬೇಕು. ಅಕ್ಷರಗಳಿಗೆ ಸಂಬಂಧಿಸಿದ ಆದ್ಯತೆಗಳಲ್ಲಿ ‘ವರ್ಲ್ಡ್-ರೆಡಿ’ ಎಂಬ ಆಯ್ಕೆಯನ್ನು ಆರಿಸದಿದ್ದರೆ ಯುನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಒಂದೇ ಸಂಕೇತ ವ್ಯವಸ್ಥೆ) ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಇನ್‌ಡಿಸೈನ್‌ನಲ್ಲಿ ಅದೇ ಹೆಸರಿನ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿಕೊಳ್ಳಬೇಕು. ಈ ಒಂದು ಆಯ್ಕೆ ಗೊತ್ತಿಲ್ಲದ ಕಾರಣಕ್ಕೆ ಇಂದಿಗೂ ಎಷ್ಟೋ ಮಂದಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲೇ ಕನ್ನಡವನ್ನು ತೋರಿಸುವ ಹಳೆಯ ಆಸ್ಕಿ ಪದ್ಧತಿಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪು ಮಾಡಿ, ಅದನ್ನು ಚಿತ್ರವಾಗಿಸಿ ಜಾಲತಾಣಕ್ಕೆ ಏರಿಸುತ್ತಾರೆ. ಚಿತ್ರದಲ್ಲಿರುವ ಕನ್ನಡವನ್ನು ಹುಡುಕಲಾಗದು, ನಕಲು ಮಾಡಲಾಗದು, ಕಣ್ಣು ಕಾಣದವರು ಕೇಳಲಾಗದು. ನುಡಿ ಮತ್ತು ಬರಹ ತಂತ್ರಾಂಶಗಳು ಕಂಪ್ಯೂಟರಿನಲ್ಲಿ ಕನ್ನಡ ಬೆಳೆಯಲು ಮಾಡಿದ ಉಪಕಾರವನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. ಅವೆರಡೂ ಯುನಿಕೋಡಿಗೂ ಎಂದೋ ಬಂದಿವೆ. ಹಾಗಿರುವಾಗ ನಾವು ಹಿಂದಿನ ಸಂಕೇತಗಳಲ್ಲೇ ಉಳಿಯಲು ಯಾವ ಕಾರಣವೂ ಇಲ್ಲ.

ಫಾಂಟುಗಳ ವಿಷಯದಲ್ಲಿ ಈಗ ನಮಗೆ ನಿಜವಾದ ಆಯ್ಕೆಯಿದೆ. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ಟಿರೋ ಕನ್ನಡ, ಬಲೂ ತಮ್ಮ, ಹುಬ್ಬಳ್ಳಿ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಮುಕ್ತ ಪರವಾನಗಿಯಲ್ಲಿ ದೊರೆಯುತ್ತವೆ. ಗುಬ್ಬಿ ಮತ್ತು ನವಿಲು ಫಾಂಟುಗಳು ಡೆಬಿಯನ್ ಲಿನಕ್ಸಿನ ಭಂಡಾರದಲ್ಲಿಯೂ ಇವೆ. ಉದ್ದನೆಯ ಲೇಖನಗಳಿಗೆ ನಾನು ನೋಟೋ ಸೆರಿಫ್ ಅಥವಾ ಟಿರೋ ಕನ್ನಡವನ್ನೂ, ಗುಂಡಿ ಮತ್ತು ಪಟ್ಟಿಗಳಿರುವ ಪುಟಗಳಿಗೆ ಅನೇಕ್ ಕನ್ನಡವನ್ನೂ ಆರಿಸುತ್ತೇನೆ. ಅನೇಕ್‌ನ ದಪ್ಪವನ್ನಷ್ಟೇ ಅಲ್ಲದೆ ಅಗಲವನ್ನೂ ಬೇಕಾದಂತೆ ಹೊಂದಿಸಬಹುದಾದ್ದರಿಂದ ಇಕ್ಕಟ್ಟಾದ ಜಾಗಗಳಲ್ಲಿ ಅದು ಬಹಳ ಅನುಕೂಲ.

ಇನ್ನು ಸಿಎಸ್ಎಸ್, ಅಂದರೆ ಪುಟದ ನೋಟವನ್ನು ನಿರ್ಧರಿಸುವ ಸೂಚನೆಗಳು. ಇಂಗ್ಲಿಷ್ ಶೀರ್ಷಿಕೆಗಳಿಗೆ ಲೈನ್-ಹೈಟ್ (ಸಾಲಿನ ಎತ್ತರ) 1.2 ಇಡುವುದು ವಾಡಿಕೆ. ಕನ್ನಡದಲ್ಲಿ ಹಾಗಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಓದುವ ಪಠ್ಯಕ್ಕೆ 1.7, ಶೀರ್ಷಿಕೆಗೆ 1.4ಕ್ಕಿಂತ ಕಡಿಮೆ ಇಲ್ಲದಂತೆ ಇಡುವುದು ನನ್ನ ಅಭ್ಯಾಸ. ಗುಂಡಿಗಳಿಗೆ ನಿಗದಿತ ಎತ್ತರ ಕೊಟ್ಟು, ಹೊರಚಾಚಿದ ಭಾಗವನ್ನು ಮರೆಮಾಡುವ ಸೂಚನೆಯನ್ನೂ ಸೇರಿಸಿದರೆ ‘ಸಲ್ಲಿಸಿ’ ಎಂಬುದರ ಲಕಾರದೊತ್ತು ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಆದ್ದರಿಂದ ಎತ್ತರವನ್ನು ಪ್ಯಾಡಿಂಗ್ (ಪಠ್ಯದ ಸುತ್ತ ಬಿಡುವ ಒಳ ಅಂತರ) ನಿರ್ಧರಿಸುವಂತೆ ಬಿಡಬೇಕು. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಲೆಟರ್-ಸ್ಪೇಸಿಂಗ್ ಗುಣ ಕನ್ನಡಕ್ಕೆ ಒಗ್ಗುವುದಿಲ್ಲ. ಓರೆ ಅಕ್ಷರಗಳೂ ಅಷ್ಟೇ: ಕನ್ನಡ ಫಾಂಟಿನಲ್ಲಿ ಓರೆ ರೂಪ ಇಲ್ಲದಿದ್ದಾಗ ಬ್ರೌಸರ್ ಅಕ್ಷರವನ್ನು ತಾನೇ ಎಳೆದು ಬಾಗಿಸುತ್ತದೆ, ನೋಡಲು ಅದು ಚೆನ್ನಾಗಿರುವುದಿಲ್ಲ. ಫಾಂಟ್-ಸಿಂಥೆಸಿಸ್ ಗುಣವನ್ನು ‘ನನ್’ ಎಂದಿಟ್ಟು, ಒತ್ತು ಕೊಡಬೇಕಾದಲ್ಲಿ ದಪ್ಪವನ್ನೋ ಬಣ್ಣವನ್ನೋ ಬಳಸುವುದು ಮೇಲು.

ಪುಟದ ಭಾಷೆ ಯಾವುದೆಂದು ಹೇಳುವ ಲ್ಯಾಂಗ್ (lang) ಗುಣವನ್ನು ಕನ್ನಡದ ಸಂಕೇತಕ್ಕೆ ಹೊಂದಿಸುವುದು ಎಲ್ಲಕ್ಕಿಂತ ಸಣ್ಣ ಕೆಲಸ, ಮತ್ತು ಬಹಳ ಮಂದಿ ಬಿಟ್ಟುಬಿಡುವ ಕೆಲಸ. ಪದಗಳನ್ನು ಸಾಲಿನ ಕೊನೆಯಲ್ಲಿ ಒಡೆಯುವ ನಿಯಮವನ್ನು ಬ್ರೌಸರ್ ಆರಿಸಿಕೊಳ್ಳುವುದು ಇದನ್ನು ನೋಡಿಯೇ. ಎನ್‌ವಿಡಿಎಯಂತಹ ಪರದೆ-ಓದುಗ ತಂತ್ರಾಂಶ ಕನ್ನಡದ ಧ್ವನಿಗೆ ಬದಲಾಗುವುದೂ ಇದರಿಂದಲೇ. ಅದರ ಜೊತೆಗೇ ಬರುವ ಈಸ್ಪೀಕ್ ಎನ್‌ಜಿ ಕನ್ನಡವನ್ನು ಓದಬಲ್ಲದು. ಪುಟದ ಭಾಷೆ ಇಂಗ್ಲಿಷ್ ಎಂದೇ ಉಳಿದಿದ್ದರೆ ಆ ಓದು ಸರಿಯಾಗಿ ನಡೆಯುತ್ತದೆಂಬ ಭರವಸೆಯಿಲ್ಲ.

ಪುಟದಲ್ಲಿ ನಿಜಕ್ಕೂ ಯಾವ ಫಾಂಟ್ ಬಳಕೆಯಾಗುತ್ತಿದೆ ಎಂಬುದನ್ನು ಊಹಿಸಬೇಕಾಗಿಲ್ಲ. ಕ್ರೋಮ್‌ನ ಡೆವಲಪರ್ ಸಲಕರಣೆಗಳಲ್ಲಿ ‘ಕಂಪ್ಯೂಟೆಡ್’ ವಿಭಾಗದ ತಳಭಾಗವೂ, ಫೈರ್‌ಫಾಕ್ಸಿನ ‘ಫಾಂಟ್ಸ್’ ಫಲಕವೂ ಅದನ್ನು ತೋರಿಸುತ್ತವೆ. ನಾವು ಹೇಳಿದ ಫಾಂಟಿನಲ್ಲಿ ಕನ್ನಡವೇ ಇಲ್ಲದೆ, ವಿಂಡೋಸ್‌ನ ತುಂಗಾ ಅಥವಾ ನಿರ್ಮಲಾ ಯುಐ ಬಂದು ಕುಳಿತಿರುವುದು ಅಲ್ಲಿ ಪತ್ತೆಯಾಗುತ್ತದೆ. ಫಾಂಟನ್ನು ನಮ್ಮ ಸರ್ವರಿನಿಂದಲೇ ಕೊಡುವುದಾದರೆ ವಾಫ್2 ಎಂಬ ವೆಬ್ ಫಾಂಟಿನ ರೂಪಕ್ಕೆ ಬದಲಿಸಿ, ಬೇಡದ ಲಿಪಿಗಳನ್ನು ತೆಗೆದು ಹಗುರ ಮಾಡಲು ಫಾಂಟ್‌ಟೂಲ್ಸ್ ಎಂಬ ಪೈಥಾನ್ ಸಂಗ್ರಹದಲ್ಲಿರುವ ಸಬ್‌ಸೆಟ್ ಸಲಕರಣೆ ಸಾಕು. ಆದರೆ ಉಳಿಸಿಕೊಳ್ಳಬೇಕಾದ ಪಟ್ಟಿಯಲ್ಲಿ ಕನ್ನಡದ ಅಕ್ಷರಗಳ ಜೊತೆಗೆ ಕಣ್ಣಿಗೆ ಕಾಣದ ಎರಡು ಜೋಡಣೆ ಸಂಕೇತಗಳನ್ನೂ (ಇವುಗಳ ವಿವರ ಮುಂದಿದೆ) ರೂಪಾಯಿ ಚಿಹ್ನೆಯನ್ನೂ ಸೇರಿಸಬೇಕು. ಒತ್ತಕ್ಷರ ಕಟ್ಟುವ ನಿಯಮಗಳೆಲ್ಲ ಫಾಂಟಿನೊಳಗಿನ ಕೋಷ್ಟಕಗಳಲ್ಲಿರುವುದರಿಂದ, ಫಾಂಟನ್ನು ಕಿರಿದಾಗಿಸುವ ನೆಪದಲ್ಲಿ ಆ ಕೋಷ್ಟಕಗಳನ್ನು ಎಸೆದುಬಿಡುವ ಜಾಲದ ಮೇಲಿನ ಪರಿವರ್ತಕಗಳಿಂದ ದೂರವಿರುವುದು ಒಳ್ಳೆಯದು. ಫಾಂಟು ಸರಿಯಿದೆಯೇ ಎಂಬ ಅನುಮಾನ ಬಂದಾಗ ನಾನು ಹಾರ್ಫ್‌ಬಝ್ ಯೋಜನೆಯ ಎಚ್‌ಬಿ-ವ್ಯೂ ಆದೇಶವನ್ನು ಬಳಸುತ್ತೇನೆ. ಕ್ರೋಮ್, ಫೈರ್‌ಫಾಕ್ಸ್ ಮತ್ತು ಆಂಡ್ರಾಯ್ಡ್ ಮೂರೂ ಅಕ್ಷರ ಜೋಡಣೆಗೆ ಹಾರ್ಫ್‌ಬಝ್ ಅನ್ನೇ ನೆಚ್ಚಿಕೊಂಡಿರುವುದರಿಂದ, ಈ ಆದೇಶದಲ್ಲಿ ಸರಿಯಾಗಿ ಕಂಡದ್ದು ಅವುಗಳಲ್ಲಿಯೂ ಸರಿಯಾಗಿ ಕಾಣುತ್ತದೆ.

ಇನ್ನು ಪ್ರೋಗ್ರಾಂ ಬರೆಯುವವರ ಭಾಗ. ಕನ್ನಡ ಓದುವವರಿಗೆ ‘ಸ್ತ್ರೀ’ ಎನ್ನುವುದು ಒಂದು ಅಕ್ಷರ. ಯುನಿಕೋಡಿನಲ್ಲಿ ಅದು ಸ, ವಿರಾಮ (ಅರ್ಧಾಕ್ಷರದ ಚಿಹ್ನೆ), ತ, ವಿರಾಮ, ರ, ದೀರ್ಘ ಈಕಾರ ಎಂಬ 6 ಸಂಕೇತಗಳ ಸಾಲು; ಯುನಿಕೋಡನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಬೇಕಾದ್ದರಿಂದ ಒಟ್ಟು 18 ಬೈಟ್. ಜಾವಾಸ್ಕ್ರಿಪ್ಟಿನಲ್ಲಿ ಅದರ ಉದ್ದ ಕೇಳಿದರೆ 6 ಎಂಬ ಉತ್ತರ ಬರುತ್ತದೆ. ಈ ಮೂರು ಲೆಕ್ಕಗಳನ್ನು ಒಂದೇ ಎಂದು ತಿಳಿಯುವುದರಿಂದ ಆಗುವ ತೊಂದರೆಗಳು ಅಷ್ಟಿಷ್ಟಲ್ಲ. ‘ಎಚ್. ಶ್ರೀನಿವಾಸಮೂರ್ತಿ’ ಎಂಬ ಸಾಧಾರಣ ಹೆಸರನ್ನೇ ತೆಗೆದುಕೊಳ್ಳೋಣ. ಒರಾಕಲ್ ಡೇಟಾಬೇಸಿನಲ್ಲಿ ಹೆಸರಿನ ಅಂಕಣಕ್ಕೆ 50 ಎಂದು ಉದ್ದ ಕೊಟ್ಟು ಬೇರೇನನ್ನೂ ಹೇಳದಿದ್ದರೆ ಅದು 50 ಬೈಟ್ ಎಂದಾಗುತ್ತದೆ. ಈ ಹೆಸರಿಗೆ ಬೇಕಾಗುವುದು 56. ಅಂಕಣ ಸೃಷ್ಟಿಸುವಾಗಲೇ ಅಳತೆ ಅಕ್ಷರ ಸಂಕೇತಗಳಲ್ಲಿದೆ ಎಂದು ಸ್ಪಷ್ಟಪಡಿಸಿದರೆ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಮೈಎಸ್‌ಕ್ಯುಎಲ್ ಬಳಸುವವರು ಯುಟಿಎಫ್8ಎಂಬಿ4 ಆರಿಸಬೇಕು. ಹಳೆಯ 3 ಬೈಟಿನ ಆಯ್ಕೆಯಲ್ಲಿ ಕನ್ನಡ ಹಿಡಿದರೂ, ಓದುಗರು ಕನ್ನಡದ ಜೊತೆ ಸೇರಿಸುವ ಎಮೋಜಿ ಹಿಡಿಯುವುದಿಲ್ಲ. ಎಸ್ಎಂಎಸ್ ಕಳುಹಿಸುವ ವ್ಯವಸ್ಥೆಯಲ್ಲಿಯೂ ಇದೇ ಲೆಕ್ಕ ಎದುರಾಗುತ್ತದೆ: ಇಂಗ್ಲಿಷಿಗೆ ಒಂದು ಸಂದೇಶದಲ್ಲಿ 160 ಸಂಕೇತಗಳ ಅವಕಾಶವಿದ್ದರೆ ಕನ್ನಡಕ್ಕೆ 70 ಮಾತ್ರ. ಹಾಗಾಗಿ ಸಂದೇಶವನ್ನು ಅನುವಾದಿಸಿ ಚಿಕ್ಕದು ಮಾಡಲು ಹೆಣಗುವುದಕ್ಕಿಂತ, ಕನ್ನಡದಲ್ಲೇ ಚಿಕ್ಕದಾಗಿ ಬರೆಸುವುದು ಒಳಿತು.

ಪಟ್ಟಿಗಳಲ್ಲಿ ಹೆಸರನ್ನು ಮೊಟಕುಗೊಳಿಸುವಾಗ ಮೊದಲ 10 ಸಂಕೇತಗಳನ್ನು ಕತ್ತರಿಸಿದರೆ ‘ಶ್ರೀನಿವಾಸಮೂರ್ತಿ’ ಎಂಬುದು ‘ಶ್ರೀನಿವಾಸಮ…’ ಎಂದಾಗುತ್ತದೆ. ‘ಮೂ’ ಇದ್ದದ್ದು ‘ಮ’ ಆಯಿತು. ಸಾಧ್ಯವಾದಲ್ಲೆಲ್ಲ ಈ ಕೆಲಸವನ್ನು ಸಿಎಸ್ಎಸ್‌ಗೇ ಬಿಡುವುದು ಸುಲಭ. ಪ್ರೋಗ್ರಾಂನಲ್ಲೇ ಮಾಡಬೇಕಾದರೆ ಜಾವಾಸ್ಕ್ರಿಪ್ಟಿನ ಇಂಟಲ್ (Intl) ಸಂಗ್ರಹದಲ್ಲಿ ಪಠ್ಯವನ್ನು ಅಕ್ಷರಗಳಾಗಿ ವಿಂಗಡಿಸುವ ಸೆಗ್ಮೆಂಟರ್ ಇದೆ. 2024ರಲ್ಲಿ ಫೈರ್‌ಫಾಕ್ಸ್‌ಗೂ ಅದು ಬಂದ ಮೇಲೆ ಎಲ್ಲ ಮುಖ್ಯ ಬ್ರೌಸರುಗಳಲ್ಲಿ ದೊರೆಯುವಂತಾಗಿದೆ. ಅದು ಗುಣಿತವನ್ನು ವ್ಯಂಜನದಿಂದ ಬೇರ್ಪಡಿಸುವುದಿಲ್ಲ. ಆದರೆ ಒತ್ತಕ್ಷರವನ್ನು ಒಂದೇ ಘಟಕವಾಗಿ ಎಣಿಸದೆ ವಿರಾಮದ ಬಳಿ ಒಡೆಯಬಹುದು. ಆದ್ದರಿಂದ ತುಂಡು ವಿರಾಮದಲ್ಲಿ ಮುಗಿಯುತ್ತಿದ್ದರೆ ಮುಂದಿನ ತುಂಡನ್ನು ಅದಕ್ಕೆ ಸೇರಿಸುವ ಒಂದು ಸಣ್ಣ ನಿಯಮವನ್ನು ನಾವೇ ಬರೆದುಕೊಳ್ಳುವುದು ಸುರಕ್ಷಿತ.

ಕಣ್ಣಿಗೆ ಕಾಣದ ಜೋಡಣೆ ಸಂಕೇತಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರದ ವಿರಾಮದ ಬಳಿಕ ಜೋಡಣೆ ತಡೆಯುವ ಒಂದು ಸಂಕೇತ ಇರುತ್ತದೆ. ಅದನ್ನು ತೆಗೆದರೆ ‘ರಾಜ್ಕುಮಾರ್’ ಎಂದಾಗುತ್ತದೆ. ‘ರ‍್ಯಾಂಕ್’ನಲ್ಲಿ ರಕಾರದ ನಂತರ ಜೋಡಣೆ ಸೂಚಿಸುವ ಇನ್ನೊಂದು ಸಂಕೇತ ಇರುತ್ತದೆ, ಅದಿಲ್ಲದಿದ್ದರೆ ರಕಾರ ಅರ್ಕಾವತ್ತಾಗಿ ಮುಂದಕ್ಕೆ ಜಿಗಿಯುತ್ತದೆ. ಬಳಕೆದಾರರು ಬರೆದದ್ದನ್ನು ‘ಶುಚಿಗೊಳಿಸುವ’ ಹಲವು ಸಿದ್ಧ ಸಂಗ್ರಹಗಳು ಕಾಣದ ಸಂಕೇತಗಳನ್ನೆಲ್ಲ ಅಪಾಯಕಾರಿ ಎಂದು ಅಳಿಸಿಹಾಕುತ್ತವೆ. ವಿಎಸ್ ಕೋಡ್ ಅವುಗಳ ಸುತ್ತ ಎಚ್ಚರಿಕೆಯ ಚೌಕಟ್ಟು ಹಾಕಿ ತೋರಿಸುವುದರಿಂದ, ಕನ್ನಡ ಗೊತ್ತಿಲ್ಲದ ಸಹೋದ್ಯೋಗಿಗಳು ಅನುವಾದದ ಕಡತದಲ್ಲಿ ಕಸ ಸೇರಿದೆ ಎಂದು ತಿಳಿದು ತೆಗೆದುಬಿಡುವುದುಂಟು. ಕಡತದ ತಲೆಯಲ್ಲಿ ಈ ಕುರಿತು ಎರಡು ಸಾಲಿನ ಟಿಪ್ಪಣಿ ಬರೆದಿಡುವುದು ಅಗತ್ಯ. ಉಳಿಸುವಾಗ ಸಂಕೇತಗಳನ್ನು ಹಾಗೆಯೇ ಉಳಿಸಬೇಕು. ಹುಡುಕಾಟಕ್ಕೆಂದು ಬೇರೆಯಾಗಿ ಇಡುವ ಪ್ರತಿಯಲ್ಲಿ ಮಾತ್ರ ತೆಗೆಯಬೇಕು. ಹಾಗೆ ಮಾಡಿದರೆ ಎರಡು ರೀತಿಯಲ್ಲಿ ಟೈಪು ಮಾಡಿದವರಿಗೂ ಒಂದೇ ಫಲಿತಾಂಶ ಸಿಗುತ್ತದೆ.

ಹುಡುಕಾಟದ ಪ್ರತಿಯನ್ನು ಸಿದ್ಧಪಡಿಸುವಾಗ ಇನ್ನೆರಡು ಕೆಲಸಗಳಿವೆ. ಕೆಲವು ಕೀಲಿಮಣೆಗಳು ‘ಕೊ’ ಎಂಬುದರ ಒಕಾರವನ್ನು ಒಂದೇ ಸಂಕೇತವಾಗಿ ಬರೆದರೆ ಇನ್ನು ಕೆಲವು ಎಕಾರ ಮತ್ತು ಊಕಾರದ ಎರಡು ಸಂಕೇತಗಳಾಗಿ ಬರೆಯುತ್ತವೆ. ಕಾಣುವುದಕ್ಕೆ ಎರಡೂ ಒಂದೇ, ಹೋಲಿಸಿ ನೋಡಿದರೆ ಬೇರೆ ಬೇರೆ. ಎನ್ಎಫ್‌ಸಿ ಎಂಬ ಯುನಿಕೋಡ್ ಸಾಮಾನ್ಯೀಕರಣ ಇದನ್ನು ಸರಿಪಡಿಸುತ್ತದೆ. ಇನ್ನೊಂದು ಅದರ ಕೈಗೂ ಸಿಗದ ಸಮಸ್ಯೆ. ಹಳೆಯ ಕಡತಗಳಲ್ಲಿಯೂ ಅವಸರದ ಟೈಪಿನಲ್ಲಿಯೂ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿಯನ್ನು ಹಾಕಿರುವುದು ಧಾರಾಳವಾಗಿ ಸಿಗುತ್ತದೆ: ‘ಬೆಂಗಳೂರು’ ಬದಲು ‘ಬೆ೦ಗಳೂರು’. ಎರಡನ್ನೂ ಹತ್ತಿರದಿಂದ ನೋಡಿ. ಬಹುತೇಕ ಫಾಂಟುಗಳಲ್ಲಿ ವ್ಯತ್ಯಾಸ ಹಿಡಿಯುವುದೇ ಕಷ್ಟ. ಹಿಂದೆ ಅಕ್ಷರವಿದ್ದು ಅಕ್ಕಪಕ್ಕದಲ್ಲಿ ಅಂಕಿಯಿಲ್ಲದ ಸೊನ್ನೆಯನ್ನು ಅನುಸ್ವಾರವಾಗಿ ಬದಲಿಸುವ ಒಂದು ನಿಯಮ ಸೇರಿಸಿದರೆ, ಎಷ್ಟೋ ದಾಖಲೆಗಳು ಹುಡುಕಾಟಕ್ಕೆ ಮರಳಿ ಸಿಗುತ್ತವೆ.

ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳನ್ನು (ಪಠ್ಯದ ಮಾದರಿಗಳನ್ನು ಹುಡುಕುವ ಸೂತ್ರಗಳನ್ನು) ಬಳಸುವಲ್ಲಿಯೂ ಇಂಗ್ಲಿಷಿನ ಊಹೆಗಳು ನುಸುಳಿಕೊಂಡಿರುತ್ತವೆ. ಪೈಥಾನಿನಲ್ಲಿ ಪದ ಎಂದರೆ ಅಕ್ಷರ, ಅಂಕಿ ಮತ್ತು ಅಡಿಗೆರೆ ಮಾತ್ರ. ಗುಣಿತದ ಚಿಹ್ನೆಗಳೂ ವಿರಾಮವೂ ಯುನಿಕೋಡಿನ ಪ್ರಕಾರ ಅಕ್ಷರಗಳಲ್ಲ, ಗುರುತುಗಳು. ಹಾಗಾಗಿ ಅದರ ಸಾಮಾನ್ಯ ಪದ-ವಿಂಗಡಣೆಗೆ ‘ಕನ್ನಡ’ ಎಂಬ ಪದ ಕೊಟ್ಟರೆ ‘ಕನ’, ‘ನಡ’ ಎಂಬ ಎರಡು ತುಂಡುಗಳು ಬರುತ್ತವೆ. ‘ಮೈಸೂರು’ ಕೊಟ್ಟರೆ ಮ, ಸ, ರ ಮಾತ್ರ ಉಳಿಯುತ್ತವೆ. ಹೆಸರನ್ನು ಪರಿಶೀಲಿಸುವ ಅರ್ಜಿಗಳಲ್ಲಿ ‘ಅಕ್ಷರಗಳು ಮಾತ್ರ’ ಎಂದು ನಿಯಮ ಬರೆದರೆ ಗುಣಿತವಿರುವ ಪ್ರತಿಯೊಂದು ಹೆಸರೂ ತಿರಸ್ಕೃತವಾಗುತ್ತದೆ. ಪದವಿ ಪ್ರವೇಶದ ಅರ್ಜಿಯೊಂದು ಹೀಗೆಯೇ ನನ್ನ ತಂಗಿಯ ಮಗಳ ಸ್ವಂತ ಹೆಸರನ್ನು ‘ಅಮಾನ್ಯ’ ಎಂದು ಹೇಳಿದಾಗ ಅವಳು ಕೊನೆಗೆ ಇಂಗ್ಲಿಷಿನಲ್ಲಿ ತುಂಬಿದಳು. ಕನ್ನಡದ ನಾಡಿನಲ್ಲಿ ಯಾವ ವಿದ್ಯಾರ್ಥಿಗೂ ಹೀಗಾಗಬಾರದು. ಅಕ್ಷರಗಳ ವರ್ಗದ ಜೊತೆ ಗುರುತುಗಳ ವರ್ಗವನ್ನೂ ಎರಡು ಜೋಡಣೆ ಸಂಕೇತಗಳನ್ನೂ ಸೇರಿಸುವುದಷ್ಟೇ ಇದಕ್ಕೆ ಪರಿಹಾರ.

ಅಂಕಿಗಳಿಗೂ ಇದೇ ಗಮನ ಬೇಕು. ಕನ್ನಡ ಕೀಲಿಮಣೆಯಲ್ಲಿರುವವರು ಫೋನ್ ಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲೇ ಬರೆಯಬಹುದು. ಪೈಥಾನ್ ‘೨೦’ ಎಂಬುದನ್ನು ಇಪ್ಪತ್ತು ಎಂದೇ ಗ್ರಹಿಸುತ್ತದೆ. ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೇ ಅಲ್ಲ ಎನ್ನುತ್ತದೆ. ಸ್ವೀಕರಿಸುವ ಮೊದಲು ಅಂಕಿಗಳನ್ನು ಬದಲಿಸಿಕೊಳ್ಳುವುದು ನಮ್ಮ ಕೆಲಸ, ಬರೆದವರದ್ದಲ್ಲ.

ಅನುವಾದದ ಸಾಲುಗಳಲ್ಲಿ ಅತಿ ಹೆಚ್ಚು ಕಿರಿಕಿರಿ ತರುವುದು ವಿಭಕ್ತಿ. ಹೆಸರಿನ ಜಾಗವನ್ನು ಖಾಲಿ ಬಿಟ್ಟು ಅದರ ಮುಂದೆ ‘ಗೆ’ ಅಂಟಿಸಿ ಸಿದ್ಧ ವಾಕ್ಯ ಮಾಡಿಟ್ಟರೆ ‘ಗೀತಾಗೆ’ ಎಂಬುದು ಹೇಗೋ ನಡೆದೀತು. ಆದರೆ ಊರಿನ ಹೆಸರು ಬಂದರೆ ‘ಮೈಸೂರುಗೆ’, ‘ಧಾರವಾಡಗೆ’ ಎಂದು ಕೆಟ್ಟದಾಗಿ ಕೇಳುತ್ತದೆ. ‘ಮೈಸೂರಿಗೆ’, ‘ಧಾರವಾಡಕ್ಕೆ’, ‘ಹಾಸನಕ್ಕೆ’, ‘ಮಂಡ್ಯಕ್ಕೆ’, ‘ಹುಬ್ಬಳ್ಳಿಗೆ’ ಎಂಬ ರೂಪಗಳನ್ನು ಒಂದೇ ಪ್ರತ್ಯಯದಿಂದ ಹುಟ್ಟಿಸಲು ಬರುವುದಿಲ್ಲ. ಇದಕ್ಕೆ ವ್ಯಾಕರಣದ ದೊಡ್ಡ ಯಂತ್ರ ಕಟ್ಟುವ ಅಗತ್ಯವಿಲ್ಲ, ವಾಕ್ಯವನ್ನೇ ಬೇರೆಯಾಗಿ ಬರೆದರಾಯಿತು. ವ್ಯಕ್ತಿಗಳ ಹೆಸರಿನ ಮುಂದೆ ‘ಅವರಿಗೆ’, ‘ಅವರ’, ‘ಅವರಿಂದ’ ಎಂದು ಬರೆದರೆ ಹೆಸರು ಯಾವುದೇ ಇರಲಿ ವಾಕ್ಯ ಕೆಡುವುದಿಲ್ಲ, ಹೆಣ್ಣು ಗಂಡೆಂಬ ಭೇದ ಏಳುವುದಿಲ್ಲ, ಗೌರವವೂ ಉಳಿಯುತ್ತದೆ. ಊರುಗಳಿಗೆ ‘ತಲುಪುವ ಸ್ಥಳ: ಧಾರವಾಡ’ ಎಂಬ ರೂಪ ಸಾಕು. ಇಂಗ್ಲಿಷ್ ವಾಕ್ಯವನ್ನು ಮೂರು ತುಂಡು ಮಾಡಿ, ಪ್ರತಿ ತುಂಡನ್ನೂ ಬೇರೆಯಾಗಿ ಅನುವಾದಿಸಲು ಕೊಡುವುದನ್ನಂತೂ ನಿಲ್ಲಿಸಲೇಬೇಕು. ಕ್ರಿಯಾಪದ ಕೊನೆಯಲ್ಲಿ ಬರುವ ಭಾಷೆಯಲ್ಲಿ ಆ ತುಂಡುಗಳು ಯಾವ ಕ್ರಮದಲ್ಲಿಯೂ ಕೂಡಿಕೊಳ್ಳುವುದಿಲ್ಲ. ವೆಬ್ಲೇಟ್‌ನಂತಹ ಅನುವಾದದ ಸಲಕರಣೆಯಲ್ಲಿ ಪ್ರತಿ ಸಾಲಿನ ಜೊತೆ ಅದು ಬರುವ ಪರದೆಯ ಚಿತ್ರವನ್ನೂ ಒಂದು ವಿವರಣೆಯನ್ನೂ ಸೇರಿಸಬಹುದು. ಅನುವಾದಕರ ಸಮಯ ಅರ್ಧ ಉಳಿಯುವುದು ಅಲ್ಲಿಯೇ.

ಅಕಾರಾದಿ ಜೋಡಣೆಗೆ ಬರುವುದಾದರೆ, ಸಂಕೇತಗಳ ಕ್ರಮದಲ್ಲಿ ಪಟ್ಟಿ ಮಾಡಿದಾಗ ‘ಕಳಸ, ಕವನ, ಕಹಿ’ ಎಂದು ಬರುತ್ತದೆ. ವರ್ಣಮಾಲೆಯಲ್ಲಿ ಳಕಾರ ಕೊನೆಯದಾದ್ದರಿಂದ ‘ಕವನ, ಕಹಿ, ಕಳಸ’ ಎಂದಿರಬೇಕು. ಇಂಟಲ್ ಸಂಗ್ರಹದಲ್ಲಿ ಪದಗಳನ್ನು ಕ್ರಮವಾಗಿ ಜೋಡಿಸುವ ಕೊಲೇಟರಿಗೆ ಕನ್ನಡವೆಂದು ತಿಳಿಸಿ ಪಟ್ಟಿ ಮಾಡಿಸಿ, ಈ ಮೂರು ಪದಗಳನ್ನೇ ಪರೀಕ್ಷೆಯಾಗಿ ಇಟ್ಟುಕೊಳ್ಳಬಹುದು.

ಕೊನೆಯದಾಗಿ, ಬ್ರೌಸರಿನ ಹೊರಗೆ ನಡೆಯುವ ಕೆಲಸಗಳು. ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ತೆರೆಯುವವರಿಗೆ ಕೊಡುವಾಗ ಬಿಒಎಂ (ಕಡತದ ಆರಂಭದಲ್ಲಿ ಸಂಕೇತ ಪದ್ಧತಿಯನ್ನು ಸೂಚಿಸುವ ಗುರುತು) ಸಹಿತ ಯುಟಿಎಫ್-8ರಲ್ಲಿ ಕೊಡಬೇಕು. ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳು ತೆರೆದುಕೊಳ್ಳಬಹುದು. ಗಿಟ್‌ನಲ್ಲಿ ಕನ್ನಡ ಹೆಸರಿನ ಕಡತಗಳು ಅಂಕಿಗಳ ಸಾಲಾಗಿ ಕಾಣುತ್ತಿದ್ದರೆ ಕೋರ್ ವಿಭಾಗದ ಕೋಟ್‌ಪಾತ್ ಹೊಂದಿಕೆಯನ್ನು ‘ಫಾಲ್ಸ್’ ಮಾಡಿದರೆ ಸಾಕು. ವಿಳಾಸದಲ್ಲಿ ಕನ್ನಡ ಇಡುವ ಆಸೆ ನನಗೂ ಇದೆ, ಇಡುತ್ತೇನೆ ಕೂಡ; ಆದರೆ ‘ಕನ್ನಡ’ ಎಂಬ ಪದವೊಂದೇ ನಕಲು ಮಾಡಿದಾಗ 45 ಚಿಹ್ನೆಗಳಷ್ಟು ಉದ್ದವಾಗುವುದರಿಂದ, ಹಂಚಿಕೊಳ್ಳಲು ಸಂಖ್ಯೆಯಿರುವ ಒಂದು ಚಿಕ್ಕ ವಿಳಾಸವನ್ನೂ ಜೊತೆಗೆ ಇಡುವುದು ಒಳ್ಳೆಯದು.

ಪಿಡಿಎಫ್ ರಸೀದಿ, ಅಂಕಪಟ್ಟಿ, ಪ್ರವೇಶಪತ್ರಗಳನ್ನು ಸಿದ್ಧಪಡಿಸುವವರಿಗೆ ನನ್ನ ಸಲಹೆ ಖಚಿತವಾದದ್ದು. ಅಕ್ಷರ ಜೋಡಣೆ ತಿಳಿಯದ ಸಂಗ್ರಹಗಳಿಗೆ ಕನ್ನಡ ಫಾಂಟನ್ನು ಎಷ್ಟು ಶ್ರದ್ಧೆಯಿಂದ ಸೇರಿಸಿದರೂ ಒತ್ತುಗಳು ಪಕ್ಕಕ್ಕೆ ಬಂದು ನಿಲ್ಲುತ್ತವೆ. ಪುಟವನ್ನು ಎಚ್‌ಟಿಎಂಎಲ್‌ನಲ್ಲಿ ರಚಿಸಿ, ಬ್ರೌಸರನ್ನು ಪ್ರೋಗ್ರಾಂನಿಂದ ನಡೆಸುವ ಪ್ಲೇರೈಟ್ ಅಥವಾ ಪಪೆಟೀರ್ ಮೂಲಕ ಪರದೆಯಿಲ್ಲದ ಕ್ರೋಮ್‌ನಿಂದ ಪಿಡಿಎಫ್ ಮಾಡಿಸಬೇಕು. ಪೈಥಾನಿನವರಿಗೆ ವೀಸಿಪ್ರಿಂಟ್ ಕೂಡ ಆಗುತ್ತದೆ, ಅದರೊಳಗೂ ಹಾರ್ಫ್‌ಬಝ್ ಇದೆ. ಚಿತ್ರಗಳ ಮೇಲೆ ಹೆಸರು ಬರೆಯಲು ಪೈಥಾನಿನ ಪಿಲ್ಲೋ ಸಂಗ್ರಹ ಬಳಸುವುದಾದರೆ ಅದನ್ನು ರಾಕ್ಮ್ (Raqm) ಎಂಬ ಅಕ್ಷರ ಜೋಡಣೆಯ ಸಂಗ್ರಹದ ಸಹಿತ ಸ್ಥಾಪಿಸಿಕೊಳ್ಳಬೇಕು. ಇವೆಲ್ಲ ನಡೆಯುವ ಲಿನಕ್ಸ್ ಕಂಟೈನರಿನಲ್ಲಿ ಸಾಮಾನ್ಯವಾಗಿ ಒಂದೂ ಕನ್ನಡ ಫಾಂಟ್ ಇರುವುದಿಲ್ಲವಾದ್ದರಿಂದ, ಡೆಬಿಯನ್‌ನಲ್ಲಿ ಕನ್ನಡ ಫಾಂಟುಗಳ ಪೊಟ್ಟಣವನ್ನು ನಿರ್ಮಾಣದ ಕಡತದಲ್ಲೇ ಸೇರಿಸಿಡಬೇಕು. ಪ್ಲೇರೈಟ್ ಪ್ರತಿ ಬದಲಾವಣೆಗೂ ಪರೀಕ್ಷಾ ಪಠ್ಯದ ಪುಟದ ಚಿತ್ರ ತೆಗೆದು ಹಿಂದಿನದರೊಂದಿಗೆ ಹೋಲಿಸುವಂತೆ ಹೊಂದಿಸಿದರೆ, ಫಾಂಟ್ ಕಾಣೆಯಾಗಿ ಚೌಕಗಳು ಬಂದದ್ದು ರಸೀದಿ ಪಡೆದವರಿಗಿಂತ ಮೊದಲು ನಮಗೆ ತಿಳಿಯುತ್ತದೆ.